ಮಗುವಿನ ತಲೆ ದಪ್ಪ ಇದೆಯೇ? ಗಾಬರಿಯಾಗುವ ಮೊದಲು ಟೇಪ್ ಹಿಡಿಯಿರಿ

ಮಗು ನೋಡಲು ಬಂದವರಲ್ಲಿ ಒಬ್ಬರಾದರೂ "ಏನವ್ವ, ಕೂಸಿನ ತಲೆ ಇಷ್ಟು ದಪ್ಪ ಐತೆ?" ಎಂದು ಕೇಳಿಬಿಡುತ್ತಾರೆ. ಆ ರಾತ್ರಿ ಬಾಣಂತಿಗೆ ನಿದ್ದೆಯಿಲ್ಲ. ಮೊಬೈಲ್ ತೆಗೆದರೆ ಒಂದು ವಿಡಿಯೊ "ತಲೆಯಲ್ಲಿ ನೀರು ತುಂಬಿದೆ" ಎಂದು ಹೆದರಿಸುತ್ತದೆ. ಇನ್ನೊಂದು ಫಾರ್ವರ್ಡ್ "ದೊಡ್ಡ ತಲೆ, ದೊಡ್ಡ ಬುದ್ಧಿ" ಎನ್ನುತ್ತದೆ. ಎರಡನ್ನೂ ನಂಬಿ ಕೂರಬೇಡಿ. ಇದರ ಮೊದಲ ಉತ್ತರ ಇರುವುದು ಅಳತೆ ಟೇಪಿನಲ್ಲಿ.

ಎಷ್ಟಿದ್ದರೆ ಸರಿ?

ಹುಟ್ಟಿದ ಮಗುವಿನ ತಲೆಯೇ ದೇಹದ ಉದ್ದದ ಕಾಲು ಭಾಗ. ಹಾಗಾಗಿ ಎಲ್ಲ ಕೂಸುಗಳ ತಲೆಯೂ ದೊಡ್ಡದಾಗಿಯೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್ ಪ್ರಕಾರ, ತುಂಬು ತಿಂಗಳ ಮಗುವಿನ ತಲೆಯ ಸರಾಸರಿ ಸುತ್ತಳತೆ ಹುಟ್ಟಿದಾಗ ಸುಮಾರು 34 ಸೆಂ.ಮೀ. 6 ತಿಂಗಳಿಗೆ ಹೆಣ್ಣು ಮಗುವಿಗೆ 42, ಗಂಡು ಮಗುವಿಗೆ 43. ವರ್ಷ ತುಂಬಿದಾಗ 45 ಮತ್ತು 46.

ಇದು ಸರಾಸರಿ ಮಾತ್ರ. 100 ಆರೋಗ್ಯವಂತ ಮಕ್ಕಳಲ್ಲಿ ಸುಮಾರು 3 ಮಕ್ಕಳ ತಲೆ ಚಾರ್ಟಿನ ಮೇಲಿನ ಗೆರೆಯನ್ನು ದಾಟಿರುತ್ತದೆ, ಏಕೆಂದರೆ ಆ ಗೆರೆಯನ್ನು ಎಳೆದಿರುವುದೇ ಹಾಗೆ. ಅವರಲ್ಲಿ ಹೆಚ್ಚಿನವರಿಗೆ ಕಾರಣ ಮನೆತನ. ಅಪ್ಪನ ತಲೆಗೋ ಅಮ್ಮನ ತಲೆಗೋ ಒಮ್ಮೆ ಟೇಪ್ ಸುತ್ತಿ ನೋಡಿ!

ಒಂದು ಅಳತೆ ಸಾಲದು, ವೇಗ ನೋಡಿ

ಹುಬ್ಬಿನ ಮೇಲಿಂದ, ಕಿವಿಯ ಮೇಲಾಗಿ, ಹಿಂದೆ ಹೆಚ್ಚು ಉಬ್ಬಿರುವ ಜಾಗದ ಸುತ್ತ ಟೇಪ್ ಹಿಡಿಯಿರಿ. ಮೂರು ಸಲ ಅಳೆದು ದೊಡ್ಡ ಅಳತೆಯನ್ನು ಬರೆದಿಡಿ. ಮೊದಲ 3 ತಿಂಗಳು ತಲೆ ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ 3 ತಿಂಗಳು 1 ಸೆಂ.ಮೀ., ಆಮೇಲೆ ಅರ್ಧ ಸೆಂ.ಮೀ. ಬೆಳೆಯುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು.

ಈ ವೇಗ ಏಕೆ ಮುಖ್ಯ? ಮಿದುಳಿನ ಸುತ್ತಲಿನ ದ್ರವ ಹರಿದುಹೋಗದೆ ನಿಂತರೆ ಒಳಗೆ ಒತ್ತಡ ಏರುತ್ತದೆ. ಇದೇ ಹೈಡ್ರೋಸೆಫಾಲಸ್. ಕೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲವಾದ್ದರಿಂದ ತಲೆ ಹಿಗ್ಗಿ ಆ ಒತ್ತಡಕ್ಕೆ ಜಾಗ ಕೊಡುತ್ತದೆ. ಮಗು ಕೆಲವು ದಿನ ನಗುನಗುತ್ತಲೇ ಇರಬಹುದು. ತಡವಾದರೆ ಕಣ್ಣಿಗೂ ಮಿದುಳಿಗೂ ಪೆಟ್ಟು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ಅಳದೆ ಕುಳಿತಿರುವಾಗಲೂ ನೆತ್ತಿ ಉಬ್ಬಿ ಬಿಗಿಯಾಗಿರುವುದು (ನೆತ್ತಿ ಮಿಡಿಯುವುದು, ಅಳುವಾಗ ಉಬ್ಬುವುದು ಸಹಜ)
• ಕಣ್ಣುಗುಡ್ಡೆ ಕೆಳಕ್ಕೆ ಸರಿದು ಮೇಲೆ ಬಿಳಿ ಭಾಗ ಕಾಣುವುದು
• ಪದೇಪದೇ ವಾಂತಿ, ಹಾಲು ಕುಡಿಯದಿರುವುದು, ಫಿಟ್ಸ್, ಅತಿ ನಿದ್ದೆ
• ತಲೆಯ ಚರ್ಮದ ರಕ್ತನಾಳಗಳು ಎದ್ದು ಕಾಣುವುದು
• ಕತ್ತು ನಿಲ್ಲುವುದು, ಕೂರುವುದು ತಡವಾಗುವುದು

ಎಲ್ಲಿ ತೋರಿಸುವುದು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಬಹುದು. 6, 10, 14 ವಾರಗಳ ಲಸಿಕೆಗೆ ಹೋದಾಗ ತೂಕದ ಜೊತೆ ತಲೆಯ ಅಳತೆಯನ್ನೂ ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ಅನುಮಾನ ಬಂದರೆ ಮಂಡ್ಯದ ಮಿಮ್ಸ್, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಇವೆ. ನೆತ್ತಿ ತೆರೆದಿರುವವರೆಗೆ ಅದರ ಮೂಲಕವೇ ಅಲ್ಟ್ರಾಸೌಂಡ್ ಮಾಡಬಹುದು, ನೋವಿಲ್ಲ, ವಿಕಿರಣವಿಲ್ಲ. ಹೈಡ್ರೋಸೆಫಾಲಸ್ ಖಚಿತವಾದರೆ ಶಸ್ತ್ರಚಿಕಿತ್ಸೆ ಇದೆ. ಷಂಟ್ ಎಂಬ ಸಣ್ಣ ಕೊಳವೆ ಹೆಚ್ಚುವರಿ ದ್ರವವನ್ನು ಹೊಟ್ಟೆಯೊಳಕ್ಕೆ ಹರಿಸುತ್ತದೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕ ಎಷ್ಟೋ ಮಕ್ಕಳು ಎಲ್ಲರಂತೆ ಶಾಲೆಗೆ ಹೋಗುತ್ತಾರೆ.

ಇವನ್ನು ಮಾಡಬೇಡಿ

ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರೆ, ನೀರು ಹಾಕುವಾಗ ಒತ್ತಿ ತಿದ್ದಿದರೆ ತಲೆ ಚಿಕ್ಕದಾಗುವುದಿಲ್ಲ. ನೆತ್ತಿಗೆ ಹರಳೆಣ್ಣೆ ಹಚ್ಚಿದರೆ ಒಳಗಿನ ದ್ರವ ಇಳಿಯುವುದಿಲ್ಲ. ಬರೆ ಹಾಕಿದರೆ ಗಾಯವೊಂದೇ ಉಳಿಯುತ್ತದೆ. ಇನ್ನು ದೊಡ್ಡ ತಲೆಯ ಮಗು ಹೆಚ್ಚು ಜಾಣ ಎಂದು ಟೇಪಿನ ಅಳತೆಯಿಂದ ಹೇಳಲಾಗದು.

ಮುಂದಿನ ಸಲ ಯಾರಾದರೂ "ತಲೆ ದಪ್ಪ" ಎಂದರೆ ಬೇಸರ ಬೇಡ. ಅಳೆಯಿರಿ, ಬರೆದಿಡಿ, ಮುಂದಿನ ತಿಂಗಳು ಮತ್ತೆ ಅಳೆಯಿರಿ. ಮನೆಯಲ್ಲಿ ಎಳೆ ಮಗು ಇರುವವರಿಗೆ ಇದನ್ನು ಕಳಿಸಿ.