ಒತ್ತಿದವರು ಬಿತ್ತಿದವರಲ್ಲ

ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆ ಬಟನ್ ಬರೆದವನು ನಾನೇ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು ಬೆಂಗಳೂರಲ್ಲಿ ಎಷ್ಟು ಜನ ಇದ್ದೀವಿ ಅಂತ ತಿಳೀಬೇಕಂದ್ರೆ ದೀಪಾವಳಿ ಹಿಂದಿನ ರಾತ್ರಿ ಕಲಬುರಗಿ ಬಸ್ ಹತ್ತಿ ನೋಡಿ. ಅಂಥದ್ದೇ ಒಂದು ಬಸ್ಸಿನಲ್ಲಿ ನಾವು ಮೂವರು ಗೆಳೆಯರು ಮಾತಾಡ್ತಾ ಒಂದು ಚರ್ಚಾತಾಣ ಮಾಡೋಣ ಅಂತ ತೀರ್ಮಾನಿಸಿದ್ವಿ. ವಾಟ್ಸಾಪ್ ಗುಂಪಿನಲ್ಲಿ ಉಪಯೋಗದ ಮಾತೆಲ್ಲ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಹೂತು ಹೋಗುತ್ತೆ. ಅದರ ಬದಲು ಊರವರು ಪ್ರಶ್ನೆ ಕೇಳಲಿ, ಗೊತ್ತಿದ್ದವರು ಉತ್ತರ ಹೇಳಲಿ, ಉತ್ತರ ಉಳಿಯಲಿ. 371(ಜೆ) ಸರ್ಟಿಫಿಕೇಟು, ಬೆಳೆ ವಿಮೆ, ತೊಗರಿ ರೇಟು, ಭೀಮಾ ನೀರು, ಏನು ಬೇಕಾದರೂ.

ಪ್ರತಿ ಪೋಸ್ಟಿನ ಪಕ್ಕ ಎರಡು ಬಾಣ ಇಟ್ಟೆ. ಮೇಲಿನದು ಪ್ಲಸ್, ಕೆಳಗಿನದು ಮೈನಸ್. ಪ್ಲಸ್ ಹೆಚ್ಚಾದರೆ ಮೇಲೆ, ಮೈನಸ್ ಐದಾದರೆ ಪೋಸ್ಟು ಮಡಚಿಕೊಳ್ಳುತ್ತೆ, ಬೇಕಾದವರು ತೆರೆದು ಓದಬೇಕು. ಒಂದು ಭಾನುವಾರದ ಕೆಲಸ. ಒಳ್ಳೆಯದನ್ನು ಜನರೇ ಆರಿಸಲಿ, ಇದು ಪ್ರಜಾಪ್ರಭುತ್ವ ಅಂತ ನನಗೆ ಹೆಮ್ಮೆ ಬೇರೆ.

2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಅಫಜಲಪುರ ತಾಲೂಕಿನ ನಮ್ಮೂರಲ್ಲಿ ಅಪ್ಪನ ನಾಲ್ಕು ಎಕರೆಯಲ್ಲಿ ಅರ್ಧ ನಿಂತಲ್ಲೇ ಒಣಗಿತು. ನಾನೇ ಫೋಟೋ ಹಾಕಿ ಕೇಳಿದೆ, ಏನು ಮಾಡಬೇಕು ಅಂತ.

ಒಬ್ಬ ಹುಡುಗ, ನಮ್ಮ ಕಡೆಯವನೇ, ಬೆಂಗಳೂರಲ್ಲಿ ಕೆಲಸ, ಬಹಳ ಚೆನ್ನಾಗಿ ಬರೆದಿದ್ದ. ಇಂಥ ಔಷಧಿ, ಅದಕ್ಕೆ ಬೆಲ್ಲ, ಹುಳಿ ಮಜ್ಜಿಗೆ ಕಲಸಿ ಹೊಡೆದರೆ ಎಂಟೇ ದಿನಕ್ಕೆ ಹಸಿರು ಅಂತ. ರಾತ್ರಿಯೊಳಗೆ ನೂರರ ಮೇಲೆ ಪ್ಲಸ್.

ಜೇವರ್ಗಿ ಕಡೆಯ ಒಬ್ಬ ಹಿರಿಯ ರೈತರೂ ಉತ್ತರ ಬರೆಸಿದ್ದರು. ಟೈಪ್ ಮಾಡಿದ್ದು ಮೊಮ್ಮಗ. "ಒಣಗಿದ್ದು ಮತ್ತ ಹಸಿರ ಆಗಂಗಿಲ್ರಿ. ರೋಗ ಮಣ್ಣಾಗ ಅದ. ಎಲಿಗಿ ಹೊಡದ್ರ ಬೇರಿಗಿ ಏನ್ ಮುಟ್ಟತದ? ಮೂರು ವರ್ಷ ಆ ಹೊಲಕ್ಕ ತೊಗರಿ ಹಾಕಬ್ಯಾಡ್ರಿ, ಜೋಳ ಹಾಕ್ರಿ." ಅಷ್ಟೇ. ಮೈನಸ್ ಆರು. ಮಡಚಿಕೊಂಡಿತು.

ಅಪ್ಪ ಊರಲ್ಲಿ ಅಕ್ಕನ ಮಗನ ಮೊಬೈಲಿನಲ್ಲಿ ಕಂಡದ್ದನ್ನಷ್ಟೇ ಓದಿಸಿಕೊಂಡರು. ಮಡಚಿದ್ದನ್ನು ತೆರೆಯಬಹುದು ಅಂತ ಅವರಿಗೆ ಯಾರು ಹೇಳಬೇಕು? ಔಷಧಿ ಹೊಡೆಸಿದರು, ದುಡ್ಡು ಹೋಯಿತು. ಮುಂದಿನ ಮುಂಗಾರಿಗೆ ಅದೇ ಹೊಲಕ್ಕೆ ಮತ್ತೆ ತೊಗರಿ ಬಿತ್ತಿದರು. ಹೂವಿನ ಹೊತ್ತಿಗೆ ಮತ್ತೆ ಒಣಗಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಎಲ್ಲ ತಪ್ಪನ್ನೂ ಬಟನ್ ಮೇಲೆ ಹಾಕೂದಿಲ್ಲ. ಆದರೆ ಬದುವಿನ ಆಚೆ, ಹಿಂದೆ ಜೋಳ ಇದ್ದ ಹೊಲದಲ್ಲಿ, ಅದೇ ಮಳೆಯಲ್ಲಿ ತೊಗರಿ ನಿಂತಿತ್ತು.

ಆಮೇಲೆ ಕೃಷಿ ವಿಜ್ಞಾನಿಯೊಬ್ಬರನ್ನು ಕೇಳಿದಾಗ ಗೊತ್ತಾಯ್ತು, ಹಿರಿಯರು ಹೇಳಿದ್ದು ಅಕ್ಷರಶಃ ಸರಿ. ನೆಟೆ ರೋಗ ತರುವ ಶಿಲೀಂಧ್ರ ಮಣ್ಣಲ್ಲಿ, ಹಳೇ ಬೇರಿನ ತುಂಡುಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಬೆಳೆ ಬದಲಿಸಬೇಕು, ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಬೇಕು, ಟಿಎಸ್-3ಆರ್ ಥರದ ರೋಗ ತಡೆಯುವ ತಳಿ ಹಾಕಬೇಕು. ಒಣಗಿದ ಗಿಡಕ್ಕೆ ಔಷಧಿ ಹೊಡೆಯೋದು ಸತ್ತವರಿಗೆ ಸಲೈನ್ ಹಚ್ಚಿದ ಹಾಗೆ.

ಆವತ್ತು ರಾತ್ರಿ ಡೇಟಾಬೇಸ್ ತೆಗೆದು ಮೈನಸ್ ಒತ್ತಿದ ಆರು ಜನ ಯಾರು ಅಂತ ನೋಡಿದೆ. ಐವರು ಬೆಂಗಳೂರು, ಒಬ್ಬ ಪುಣೆ. ಆ ಐವರಲ್ಲಿ ಒಬ್ಬ ನಾನು. ಅಪ್ಪನ ಹೊಲದ ಬಗ್ಗೆ ಅಪಶಕುನ ನುಡೀತಾರಲ್ಲ ಅಂತ ಸಿಟ್ಟು ಬಂದು ಒತ್ತಿದ್ದೆ. ಒತ್ತಿದ್ದು ನೆನಪೂ ಇರಲಿಲ್ಲ.

ಅದಕ್ಕೇ ಹೇಳ್ತಿದ್ದೀನಿ, ನಾಲ್ಕು ಜನ ಕೂತು ಮಾತಾಡುವ ಜಾಗದಲ್ಲಿ ಮಾತಿಗೆ ಮಾರ್ಕ್ಸ್ ಕೊಡುವ ಯಂತ್ರ ಇಡಬಾರದು.

ನನ್ನಂಥ ಇಂಜಿನಿಯರ್ ಕೇಳುವ ಮೊದಲ ಪ್ರಶ್ನೆ ಗೊತ್ತಿದೆ: "ಹಾಗಾದ್ರೆ ಸ್ಟ್ಯಾಕ್ ಓವರ್‌ಫ್ಲೋ?" ನಿಜ, 2008ರಲ್ಲಿ ಶುರುವಾದ ಆ ತಾಣದ ಅನ್ನ ನಾನೂ ಉಂಡಿದ್ದೀನಿ. ಆದರೆ ಅಲ್ಲಿ ಉತ್ತರವನ್ನು ಕಾಪಿ ಮಾಡಿ ರನ್ ಮಾಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ, ಓಡುತ್ತೋ ಇಲ್ಲವೋ. ನೋಡಿ ಒತ್ತಬಹುದು. ತೊಗರಿ ಜೂನ್‌ನಲ್ಲಿ ಬಿತ್ತಿದರೆ ಕೊಯ್ಲು ಡಿಸೆಂಬರ್, ಜನವರಿ. ಉತ್ತರ ಸರಿಯೋ ತಪ್ಪೋ ಅಂತ ಹೊಲ ಹೇಳೋದು ಆರು ತಿಂಗಳಿಗೆ, ನಾವು ಒತ್ತೋದು ಹತ್ತು ಸೆಕೆಂಡಿಗೆ. ಹತ್ತು ಸೆಕೆಂಡಿನಲ್ಲಿ ಅಳೆಯಲು ಸಿಗೋದು ಒಂದೇ, ಈ ಮಾತು ನನಗೆ ಹಿತವಾಯ್ತಾ ಇಲ್ವಾ. ಮದುವೆ, ಸಾಲ, ರೋಗ, ಜಾತಿ, ರಾಜಕೀಯ, ನಾವು ಚರ್ಚೆ ಮಾಡೋದೆಲ್ಲ ತೊಗರಿ ಥರದ್ದೇ. ಕೋಡ್ ಥರದ್ದು ಬಹಳ ಕಡಿಮೆ.

ಇನ್ನೊಂದು, ಅಲ್ಲಿ ಮೈನಸ್ ಪುಕ್ಕಟೆ ಅಲ್ಲ. 125 ಅಂಕ ಗಳಿಸುವ ತನಕ ಮೈನಸ್ ಒತ್ತೋಕೆ ಬಿಡಲ್ಲ. ಉತ್ತರಕ್ಕೆ ಮೈನಸ್ ಒತ್ತಿದರೆ ಒತ್ತಿದವನದೂ ಒಂದು ಅಂಕ ಹೋಗುತ್ತೆ. ಕಲಬುರಗಿ ಗಂಜಿನಲ್ಲೂ ಅಷ್ಟೇ. ಖರೀದಿದಾರ ಚೀಲಕ್ಕೆ ಕೈ ಹಾಕ್ತಾನೆ, ಕಾಳು ಹಲ್ಲಲ್ಲಿ ಕಡಿದು ನೋಡ್ತಾನೆ, ರೇಟು ಹೇಳ್ತಾನೆ. ಹೇಳಿದ ರೇಟಿಗೆ ಮಾಲು ಎತ್ತಬೇಕಾದವನೂ ಅವನೇ. ನಮ್ಮ ತಾಣದಲ್ಲಿ ಮಾತ್ರ ಕಾಳು ಮುಟ್ಟದವನೂ ರೇಟು ಕಟ್ಟಬಹುದು, ತಪ್ಪಾದರೆ ಜೇಬಿನಿಂದ ಒಂದು ಪೈಸೆ ಹೋಗಲ್ಲ. ಹೋಗಿದ್ದು ಅಪ್ಪನ ಜೇಬಿನಿಂದ.

"ತಪ್ಪು ವೋಟನ್ನು ಜನರೇ ಸರಿ ಮಾಡ್ತಾರೆ" ಅನ್ನೋ ವಾದವೂ ಇದೆ. 2013ರಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಾಲ್, ಶಾನ್ ಟೇಲರ್ ಅನ್ನುವವರು ಸೈನ್ಸ್ ಪತ್ರಿಕೆಯಲ್ಲಿ ಇದರ ಪ್ರಯೋಗ ಪ್ರಕಟಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಕಾಮೆಂಟು. ಕೆಲವಕ್ಕೆ ಹುಟ್ಟುತ್ತಲೇ ಒಂದು ಸುಳ್ಳು ಪ್ಲಸ್ ಅಂಟಿಸಿದರು. ಅಷ್ಟಕ್ಕೇ ಅವುಗಳ ಕೊನೆಯ ಅಂಕ ಸರಾಸರಿ 25% ಏರಿತು. ಸುಳ್ಳು ಮೈನಸ್ಸನ್ನು ಮಾತ್ರ ಉಳಿದವರು ಬಂದು ತಿದ್ದಿದರು. ಹಾಗಾದರೆ ಮೈನಸ್ಸಿನ ಭಯವಿಲ್ಲವಲ್ಲ ಅಂದ್ರೆ, ತಿದ್ದಬೇಕಾದರೆ ಮೊದಲು ಕಾಣಬೇಕಲ್ಲ? ನಾನು ಐದಕ್ಕೇ ಮಡಚಿ ಇಟ್ಟಿದ್ದೆ.

ಅಂಕಿ ಕಂಡಲ್ಲಿ ಎಲೆಕ್ಷನ್ ಹುಟ್ಟುತ್ತೆ, ಇದು ನಮ್ಮ ಊರುಗಳ ಗುಣ. ಗ್ರಾಮ ಪಂಚಾಯಿತಿ ಚುನಾವಣೆ ಕಾಗದದ ಮೇಲೆ ಪಕ್ಷರಹಿತ. ಯಾವ ಮನೆ ಯಾರ ಕಡೆ ಅಂತ ಊರಿನ ನಾಯಿಗೂ ಗೊತ್ತು. ನಮ್ಮ ತಾಣದಲ್ಲೂ ಮೂರನೇ ತಿಂಗಳಿಗೇ ಲಿಂಕ್ ಹಂಚಾಟ ಶುರು. "ಅಣ್ಣಾರ ಪೋಸ್ಟಿಗೆ ಎಲ್ಲರೂ ಒಂದೊಂದು ಒತ್ರಪಾ." ಆಳಂದದವರು ಆಳಂದದವರಿಗೆ, ಒಂದು ಜಾತಿಯವರು ತಮ್ಮವರಿಗೆ. ಬೀಜ ಬಿತ್ತಿ, ಕಳೆ ಕಿತ್ತು, ರಾಶಿ ಮಾಡುವ ಹೆಣ್ಣುಮಕ್ಕಳ ಕೈಯಲ್ಲಿ ಫೋನೂ ಇಲ್ಲ, ಬಾಣವೂ ಇಲ್ಲ.

ಭಾಷಣಗಳಲ್ಲಿ ನಾವು ಮಾತೆತ್ತಿದರೆ ಅನುಭವ ಮಂಟಪ ಅಂತೀವಿ. ಕಲ್ಯಾಣ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭು ಅವಳನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳಲ್ಲ, ಒಂದರ ಮೇಲೊಂದು ಕಠಿಣ ಪ್ರಶ್ನೆ ಹಾಕ್ತಾನೆ. ಅವಳು ಒಂದೊಂದಕ್ಕೂ ಉತ್ತರ ಕೊಡ್ತಾಳೆ. ಎಷ್ಟೇ ಕಠಿಣವಾದರೂ ಪ್ರಶ್ನೆಗೆ ಉತ್ತರ ಹೇಳಬಹುದು. ಮೈನಸ್ಸಿಗೆ ಏನಂತ ಉತ್ತರ ಹೇಳೋದು? ಯಾರಿಗೆ ಹೇಳೋದು?

ಹಾಗಂತ ಬೈಗುಳ, ಜಾಹೀರಾತು, ಸುಳ್ಳು ಸುದ್ದಿ ಎಲ್ಲ ಇರಲಿ ಅಂತಿಲ್ಲ. ಅದನ್ನು ತೆಗೆಯೋಕೆ ಒಬ್ಬ ಮನುಷ್ಯ ಬೇಕು. ಯಾಕೆ ತೆಗೆದೆ ಅಂತ ತನ್ನ ಹೆಸರು ಹಾಕಿ ಹೇಳುವ ಮನುಷ್ಯ. ನಾವೀಗ ಎರಡೂ ಬಾಣ ಕಿತ್ತು ಹಾಕಿ, ಅಲ್ಲಿ "ನಾನು ಮಾಡಿ ನೋಡಿದೆ" ಅಂತ ಒಂದೇ ಸಾಲು ಇಟ್ಟಿದ್ದೀವಿ. ಅದನ್ನು ಒತ್ತಿದರೆ ಯಾವ ಊರು, ಯಾವ ಹಂಗಾಮು, ಏನಾಯ್ತು ಅಂತ ಬರೀಬೇಕು. ಬರೆಯದೆ ಮುಂದೆ ಹೋಗಲ್ಲ. ಅರ್ಧಕ್ಕರ್ಧ ಜನ ಬರೋದು ಬಿಟ್ಟರು, ಮಜಾ ಹೋಯ್ತಂತೆ. ಹೋಗಲಿ.

ಜೇವರ್ಗಿಯ ಹಿರಿಯರು ಮತ್ತೆ ಬರೆದಿರಲಿಲ್ಲ. ಫೋನ್ ಮಾಡಿ ತಪ್ಪಾಯ್ತು ಅಂದೆ. ಅವರು ನಕ್ಕರು. "ನಾ ಏನ್ ಸಿಟ್ಟಾಗಿಲ್ಲ ತಮ್ಮಾ. ನಂದು ತಪ್ಪದ ಅಂತ ಯಾರರ ಬಾಯಿ ಬಿಟ್ಟು ಅಂದಿದ್ರ ನಾ ಎರಡು ಮಾತು ಹೇಳ್ತಿದ್ದೆ. ಯಾರೂ ಏನೂ ಅನ್ಲಿಲ್ಲ, ಕಾಣದಂಗ ಆಯ್ತು."

ಇದನ್ನು ಓದುವವರಲ್ಲಿ ಆ್ಯಪ್ ಮಾಡುವವರು ಬಹಳ ಜನ ಇದ್ದೀರಿ. ನಾಳೆ ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ಯಾರೋ "ಒಂದು ಅಪ್‌ವೋಟ್ ಡೌನ್‌ವೋಟ್ ಹಾಕಿಬಿಡೋಣ, ಒಂದು ದಿನದ ಕೆಲಸ" ಅಂತಾರೆ. ಒಂದು ದಿನದ ಕೆಲಸ ಹೌದು. ನಮ್ಮಪ್ಪನಿಗೆ ಎರಡು ವರ್ಷದ ಬೆಳೆ ಹೋಯ್ತು. ಈ ಸಲ ಆ ಹೊಲದಲ್ಲಿ ಜೋಳ ಇದೆ.