ಡಿಕ್ಕಿ ಬಾಗಿಲು ಸೊಟ್ಟಗಿದೆಯಾ? ಮೊದಲು ಹುಕ್ ಬಿಚ್ಚಿ ನೋಡಿ

ಕಾರಿನ ಹಿಂದಿನ ಬಾಗಿಲಿಗೆ ನಾವು ಡಿಕ್ಕಿ ಅಂತೀವಿ. ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ ಅದಕ್ಕೂ ಡಿಕ್ಕಿ ಅಂತೀವಿ. ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಂಡವರಿಗೆ ಈ ಎರಡು ಡಿಕ್ಕಿಗಳ ನಡುವಿನ ಸಂಬಂಧ ಗೊತ್ತಾಗೋದು ಸ್ವಲ್ಪ ತಡವಾಗಿ!

ನಮ್ಮ ಅಕ್ಕನ ಕಾರಿನ ಕಥೆಯೂ ಅದೇ. ಅವಳ ಹೆಸರಲ್ಲಿ, ಅವಳದೇ ಸಂಬಳದ ಇಎಂಐನಲ್ಲಿ ಬಂದ ಮೊದಲ ಗಾಡಿ. ಡಿಕ್ಕಿ ಬಾಗಿಲಿನ ಎಡಗಡೆ ಕೆಳಮೂಲೆ ಬಾಡಿಗಿಂತ ಒಂಚೂರು ಹೊರಗೆ ನಿಂತಿತ್ತು. ಮುಚ್ಚಬೇಕಾದರೆ ಎರಡು ಸಲ ದಬ್ಬಬೇಕು. ಮಾರಿದವರು "ಈ ಮಾಡೆಲ್ಲೇ ಹಿಂಗೆ ಮೇಡಂ" ಅಂದಿದ್ದರು. ಭಾವ "ಹೊಸದು ತಗೋ ಅಂದ್ರೆ ಕೇಳ್ಲಿಲ್ಲ" ಅಂತ ಒಂದು ಸಲ ಅಂದು ಸುಮ್ಮನಾದರು. ಆ ಒಂದು ಸಲವೇ ಅಕ್ಕನಿಗೆ ಸಾಕಾಗಿತ್ತು.

ನೋಡೋಕೆ ಚೆನ್ನಾಗಿಲ್ಲ ಅನ್ನೋದಷ್ಟೇ ಆಗಿದ್ದರೆ ನಾನೂ ಬಿಟ್ಟುಬಿಡ್ತಿದ್ದೆ. ತಿಪಟೂರಿಗೆ ಹೋದಾಗಲೆಲ್ಲ ಅಕ್ಕನ ಮಗಳು "ಚಿಕ್ಕಮ್ಮ, ಹಿಂದೆ ಕೂತ್ರೆ ತಲೆನೋವು ಬರುತ್ತೆ" ಅಂತಿದ್ದಳು. ಎಲ್ಲರೂ ಅದನ್ನ ಕಾರ್ ಸಿಕ್‌ನೆಸ್ ಅಂದುಕೊಂಡು ಕೈಗೆ ನಿಂಬೆಹಣ್ಣು ಕೊಡ್ತಿದ್ದರು. ಒಂದು ಸಲ ನಾನೇ ಹಿಂದೆ ಕೂತೆ. ತುಮಕೂರು ದಾಟಿದ ಮೇಲೆ ಸಣ್ಣಗೆ ಹೊಗೆ ವಾಸನೆ. ಊರು ತಲುಪಿ ಡಿಕ್ಕಿ ತೆಗೆದರೆ ಮ್ಯಾಟ್ ಮೇಲೆ, ಬ್ಯಾಗ್ ಮೇಲೆ ಎಲ್ಲ ಕಡೆ ಕೆಂಪು ಧೂಳು. ಮಣ್ಣಿನ ರಸ್ತೆಯಲ್ಲಿ ಧೂಳು ಒಳಗೆ ಬರೋ ದಾರಿಯಲ್ಲೇ ಸೈಲೆನ್ಸರ್ ಹೊಗೆಯೂ ಬರುತ್ತೆ ತಾನೇ?

ಇದು ಹ್ಯಾಚ್‌ಬ್ಯಾಕ್‌ನ ಆಕಾರದಿಂದಲೇ ಬರೋ ತೊಂದರೆ. ಓಡುವಾಗ ಗಾಳಿ ಛಾವಣಿಯ ಹಿಂದಿನ ಅಂಚಿನಲ್ಲಿ ಕಾರನ್ನ ಬಿಟ್ಟು ಹೋಗುತ್ತೆ, ಬಾಗಿಲಿನ ಹಿಂದೆ ಕಡಿಮೆ ಒತ್ತಡದ ಒಂದು ಜಾಗ ಉಳಿಯುತ್ತೆ. ರಸ್ತೆಯ ಕೊಳೆ, ಧೂಳು, ಹೊಗೆ ಎಲ್ಲ ಸುತ್ತಿ ಅಲ್ಲಿಗೇ ಬರುತ್ತೆ. ಹ್ಯಾಚ್‌ಬ್ಯಾಕ್‌ಗಳಿಗೆ ಹಿಂದಿನ ಗಾಜಿಗೂ ವೈಪರ್ ಇದ್ದು, ಸೆಡಾನ್‌ಗಳಿಗೆ ಸಾಮಾನ್ಯವಾಗಿ ಇಲ್ಲದಿರೋದು ಇದಕ್ಕೇ. ಬಾಗಿಲಿನಲ್ಲಿ ಸಂದು ಇದ್ದರೆ ಆ ಹೊಗೆ ಒಳಗೆ ನುಗ್ಗುತ್ತೆ. ಹೊಗೆಗೆ ವಾಸನೆ ಇದೆ, ಆದರೆ ಅದರ ಜೊತೆ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ಶುರುವಾಗೋದೇ ತಲೆನೋವು, ತಲೆಸುತ್ತು, ವಾಕರಿಕೆಯಿಂದ. ಕಾರ್ ಸಿಕ್‌ನೆಸ್ ಅಂತ ಸುಲಭವಾಗಿ ತಪ್ಪು ತಿಳಿಯಬಹುದಾದ ಲಕ್ಷಣಗಳೇ.

(ರೂಮ್ ಶಿಫ್ಟ್ ಮಾಡುವಾಗ ಹಾಸಿಗೆ ತುರುಕಿ, ಡಿಕ್ಕಿ ತೆರೆದಿಟ್ಟು, ಹಗ್ಗ ಕಟ್ಟಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಲ್ಲೋರು ಈ ಪ್ಯಾರಾ ಇನ್ನೊಂದು ಸಲ ಓದಿ. ಟೆಂಪೋದವನಿಗೆ ಫೋನ್ ಮಾಡೋದೇ ಒಳ್ಳೇದು.)

ಗ್ಯಾರೇಜಿನಲ್ಲಿ ಕೇಳಿದರೆ ಒಂದೇ ಉತ್ತರ: "ಬೀಡಿಂಗ್ ಚೇಂಜ್ ಮಾಡಿಬಿಡೋಣ." ಬೀಡಿಂಗ್ ಅಂದರೆ ಬಾಗಿಲಿನ ಸುತ್ತ ಇರೋ ರಬ್ಬರ್ ಪಟ್ಟಿ. ಬಾಗಿಲೇ ಸೊಟ್ಟಗೆ ಕೂತಿದ್ದರೆ ಹೊಸ ಬೀಡಿಂಗ್ ಹಾಕಿ ಏನು ಪ್ರಯೋಜನ? ಅದೂ ಆರು ತಿಂಗಳಲ್ಲಿ ಅದೇ ಮೂಲೆಯಲ್ಲಿ ಸಾಯುತ್ತೆ. ನಮ್ಮ ಬೀದಿ ಕೊನೆಯಲ್ಲಿ ಟಿಂಕರಿಂಗ್ ಮಾಡೋ ಅಣ್ಣ ಒಬ್ಬರಿದ್ದಾರೆ. ಅವರು ಮಾತ್ರ ಬಾಗಿಲನ್ನ ಒಂದು ಸಲ ಎತ್ತಿ ಇಳಿಸಿ, "ಹುಕ್ ತೆಗೆದು ನೋಡಿ ಫಸ್ಟು, ಆಮೇಲೆ ಮಾತಾಡಿ" ಅಂದರು. ಇಡೀ ಕೆಲಸದ ಬೀಗದಕೈ ಆ ಒಂದು ಮಾತಿನಲ್ಲೇ ಇತ್ತು.

ಯಾಕೆ ಅಂತ ಹೇಳ್ತೀನಿ. ಡಿಕ್ಕಿ ಬಾಗಿಲು ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡೋದು ಮೂರು ಜಾಗ. ಮೇಲೆ ಛಾವಣಿಗೆ ಸೇರಿರೋ ಎರಡು ಹಿಂಜ್. ಕೆಳಗೆ ಮಧ್ಯದಲ್ಲಿ ಲಾಕ್ ಬಂದು ಕಚ್ಚಿಕೊಳ್ಳೋ ಕಬ್ಬಿಣದ ಕೊಂಡಿ, ಅದೇ ಹುಕ್. ಪುಸ್ತಕದಲ್ಲಿ ಸ್ಟ್ರೈಕರ್ ಅಂತ ಇರುತ್ತೆ. ಮತ್ತೆ ಎಡಕ್ಕೊಂದು ಬಲಕ್ಕೊಂದು ರಬ್ಬರ್ ಸ್ಟಾಪರ್. ಹಿಂಜ್ ಬಾಗಿಲನ್ನ ತೂಗುಹಾಕುತ್ತೆ, ಸ್ಟಾಪರ್ ಎಷ್ಟು ಒಳಗೆ ಹೋಗಬೇಕು ಅಂತ ತಡೆಯುತ್ತೆ, ಹುಕ್ ಹಿಡಿದುಕೊಳ್ಳುತ್ತೆ. ಹುಕ್ ಕೆಲಸ ಹಿಡಿದುಕೊಳ್ಳೋದು ಮಾತ್ರ, ಬಾಗಿಲನ್ನ ಪಕ್ಕಕ್ಕೆ ಎಳೆಯೋದಲ್ಲ. ಅವಸರದ ಗ್ಯಾರೇಜ್‌ಗಳು ಹಿಂಜ್ ಮುಟ್ಟೋ ಕಷ್ಟ ಯಾಕೆ ಅಂತ ಹುಕ್ಕನ್ನೇ ಪಕ್ಕಕ್ಕೆ ಸರಿಸಿ ಬಾಗಿಲನ್ನ ಬಲವಂತವಾಗಿ ಎಳೆದು ಕೂರಿಸುತ್ತವೆ. ಮೇಲ್ನೋಟಕ್ಕೆ ಸರಿಯಾದ ಹಾಗೆ ಕಾಣುತ್ತೆ, ಒಳಗೆ ಬಾಗಿಲು ತಿರುಚಿಕೊಂಡೇ ಇರುತ್ತೆ.

ಹಾಗಾಗಿ ಹುಕ್ ಬಿಚ್ಚಿದರೆ ಬಾಗಿಲು ತನ್ನಷ್ಟಕ್ಕೆ ತಾನು ಎಲ್ಲಿ ಕೂರುತ್ತೆ ಅಂತ ಗೊತ್ತಾಗುತ್ತೆ.

ಭಾನುವಾರ ಬೆಳಿಗ್ಗೆ ಶುರು ಮಾಡಿದ್ವಿ. ಕಾರು ಸಮತಟ್ಟು ಜಾಗದಲ್ಲಿರಲಿ, ಒಂದು ಚಕ್ರ ಫುಟ್‌ಪಾತ್ ಮೇಲೆ ಹತ್ತಿದ್ದರೆ ಅಳತೆ ಸುಳ್ಳಾಗಬಹುದು. ಡಿಕ್ಕಿಯಲ್ಲಿರೋ ತೆಂಗಿನಕಾಯಿ ಮೂಟೆ ಇಳಿಸಿ. (ನಮ್ಮಲ್ಲಿ ಅದು ಯಾವಾಗಲೂ ಇರುತ್ತೆ.) ಸಂದು ಅಳೆಯೋಕೆ ಹಳೆ ಎಟಿಎಂ ಕಾರ್ಡ್ ಸಾಕು. ಒಂದು ಕಾರ್ಡ್‌ನ ದಪ್ಪ 0.76 ಮಿಲಿಮೀಟರ್, ಉಬ್ಬಿದ ಅಕ್ಷರ ಇಲ್ಲದ ನಾಲ್ಕು ಕಾರ್ಡ್ ಜೋಡಿಸಿದರೆ ಹೆಚ್ಚುಕಡಿಮೆ 3 ಮಿಲಿಮೀಟರ್. ಎಡ-ಬಲ ಎರಡೂ ಕಡೆ ಮೇಲೆ, ಮಧ್ಯ, ಕೆಳಗೆ ಎಷ್ಟೆಷ್ಟು ಕಾರ್ಡ್ ಹಿಡಿಸುತ್ತೆ ಅಂತ ಫೋನಲ್ಲಿ ಬರ್ಕೊಳಿ. ಸಂದು ಇಂತಿಷ್ಟೇ ಇರಬೇಕು ಅಂತಿಲ್ಲ, ಎರಡೂ ಕಡೆ ಒಂದೇ ಥರ ಇರಬೇಕು.

ಆಮೇಲೆ ಹುಕ್ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಫೋಟೊ ತೆಗೆದು, ಎರಡು ಬೋಲ್ಟ್ ಬಿಚ್ಚಿ. ಕೆಲವದಕ್ಕೆ ಸಾಮಾನ್ಯ ಸ್ಪ್ಯಾನರ್ ಸಾಕು, ಕೆಲವದಕ್ಕೆ ಸ್ಟಾರ್ ಬಿಟ್ ಬೇಕು. ಬಾಗಿಲನ್ನ ಮೆಲ್ಲಗೆ ಇಳಿಸಿ, ಕೈಯಿಂದ ಒತ್ತಿ ಹಿಡಿದು ಕಾರ್ಡ್ ಅಳತೆ ಮತ್ತೆ ಮಾಡಿ. ಈಗ ಎಡ-ಬಲ ಸಮ ಇದ್ದರೆ ಹಿಂಜ್ ಸರಿ ಇದೆ, ತಪ್ಪು ಹುಕ್ಕಿನದು. ಈಗಲೂ ಒಂದು ಕಡೆ ವಾಲಿದ್ದರೆ ಹಿಂಜ್ ನೋಡಬೇಕು.

ನಮ್ಮ ಕಾರಿನಲ್ಲಿ ಹುಕ್ ಬಿಚ್ಚಿದ ತಕ್ಷಣ ಬಾಗಿಲು ತಾನಾಗೇ ಮಧ್ಯಕ್ಕೆ ಬಂದು ಕೂತಿತು. ಹುಕ್ ಇದ್ದ ಜಾಗ ಒರೆಸಿ ನೋಡಿದರೆ ಕೆಳಗೆ ಹಳೇ ಹುಕ್ಕಿನ ಅಚ್ಚು. ಕಂಪನಿಯಲ್ಲಿ ಕೂರಿಸಿದ ಜಾಗಕ್ಕಿಂತ ಸುಮಾರು ಮೂರು ಮಿಲಿಮೀಟರ್ ಬಲಕ್ಕೆ ಸರಿಸಿದ್ದರು ಯಾರೋ ಪುಣ್ಯಾತ್ಮರು! ಎಡಗಡೆ ಸ್ಟಾಪರ್ ಬಲಗಡೆಗಿಂತ ಎದ್ದು ನಿಂತಿತ್ತು. ಬಲಕ್ಕೆ ಎಳೆದಿರೋ ಬಾಗಿಲು, ಎಡಕ್ಕೆ ಹೊರಗೆ ತಳ್ಳೋ ಸ್ಟಾಪರ್. ಮೂಲೆ ಹೊರಗೆ ಬರದೆ ಇನ್ನೇನಾಗುತ್ತೆ?

ಇಲ್ಲಿ ಅಕ್ಕನ ಮುಖ ಸಣ್ಣಗಾಯ್ತು. ಯಾರೋ ಹುಕ್ ಸರಿಸಿದ್ದಾರೆ ಅಂದರೆ ಹಿಂದೆ ಏನೋ ಆಗಿದೆ ಅಂತ ತಾನೇ. ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆದು ಗುಂಡಿಯ ಒಳಗೆ ಟಾರ್ಚ್ ಬಿಟ್ಟೆ. ಕಂಪನಿಯ ವೆಲ್ಡಿಂಗ್ ಚುಕ್ಕೆಗಳು ಗುಂಡಗೆ, ಸಾಲಾಗಿ, ಒಂದೇ ಅಂತರದಲ್ಲಿರುತ್ತವೆ. ಇಲ್ಲಿ ಎಡಗಡೆ ಒಂದು ಗೇಣು ಜಾಗದಲ್ಲಿ ಚುಕ್ಕೆ ಕಾಣದ ಹಾಗೆ ಬ್ರಶ್‌ನಲ್ಲಿ ಸೀಲಂಟ್ ಬಳಿದಿದ್ದರು. ಹಿಂದಿನಿಂದ ಯಾರೋ ಗುದ್ದಿದ್ದು ನಿಜ. ಉಳಿದ ಪ್ರಶ್ನೆ ಒಂದೇ, ಬಾಡಿ ಬಾಗಿದೆಯಾ ಇಲ್ವಾ?

ಅದಕ್ಕೆ ದಾರ ಸಾಕು. ಬಾಗಿಲು ತೆರೆದು, ಚೌಕಟ್ಟಿನ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ದಾರ ಎಳೆದು ಗಂಟು ಹಾಕಿ. ಅದೇ ದಾರವನ್ನ ಇನ್ನೊಂದು ಕರ್ಣಕ್ಕೆ ಹಿಡಿದು ನೋಡಿ. ಎರಡೂ ಕಡೆ ಒಂದೇ ಗುರುತಿನ ಜಾಗದಿಂದ ಹಿಡಿಯಬೇಕು, ಉದಾಹರಣೆಗೆ ಹಿಂಜ್ ಬೋಲ್ಟ್ ಮತ್ತು ಸ್ಟಾಪರ್ ತೂತು. ಚೌಕಟ್ಟು ಎಡ-ಬಲ ಸಮ ಇರೋದರಿಂದ ಎರಡು ಕರ್ಣವೂ ಒಂದೇ ಉದ್ದ ಬರಬೇಕು. ಅಕ್ಕ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಗಂಟು ಸರಿಯಾಗಿ ಸ್ಟಾಪರ್ ತೂತಿನ ಮೇಲೇ ಬಂತು. ಮತ್ತೆ ಎರಡು ಸಲ ಅಳೆದ್ವಿ, ಅಕ್ಕನ ಸಮಾಧಾನಕ್ಕೆ. ದೊಡ್ಡ ವ್ಯತ್ಯಾಸ ಬಂದಿದ್ದರೆ ಅದು ಮನೆಯಲ್ಲಿ ಮಾಡೋ ಕೆಲಸ ಅಲ್ಲ, ಬಾಡಿಯನ್ನ ಎಳೆದು ಸರಿಮಾಡೋ ಯಂತ್ರ ಇರೋ ವರ್ಕ್‌ಶಾಪ್‌ಗೇ ಹೋಗಬೇಕು.

ಜೋಡಣೆ ಸುಲಭ. ಹುಕ್ಕನ್ನ ಹಳೇ ಅಚ್ಚಿನ ಮೇಲೆ ಇಟ್ಟು, ಬೋಲ್ಟ್‌ಗಳನ್ನ ಕೈಯಲ್ಲಿ ಸರಿಸಿದರೆ ಸರಿಯುವಷ್ಟು ಮಾತ್ರ ಬಿಗಿ ಮಾಡಿ. ಬಾಗಿಲು ಮೆಲ್ಲಗೆ ಮುಚ್ಚಿ ತೆಗೆಯಿರಿ, ಹುಕ್ ತಾನೇ ಲಾಕ್‌ನ ಮಧ್ಯಕ್ಕೆ ಹೊಂದಿಕೊಳ್ಳುತ್ತೆ. ಆಮೇಲೆ ಗಟ್ಟಿಯಾಗಿ ಬಿಗಿ. ಸ್ಟಾಪರ್ ಹೆಚ್ಚಿನ ಕಾರಲ್ಲಿ ತಿರುಗಿಸೋ ಥರ ಇರುತ್ತೆ, ಎಡದ್ದನ್ನ ಅರ್ಧರ್ಧ ಸುತ್ತು ಒಳಗೆ ತಿರುಗಿಸುತ್ತಾ ಬಲಕ್ಕೆ ಸಮ ಮಾಡಿದೆ.

ಹಿಂಜ್ ಕೆಲಸದ ಬಗ್ಗೆ ಮಾತ್ರ ಎಚ್ಚರ. ಒಬ್ಬರೇ ಮಾಡಬೇಡಿ. ಬಾಗಿಲು ಎತ್ತಿ ಹಿಡಿಯೋ ಗ್ಯಾಸ್ ಶಾಕ್‌ಗಳು ಒಂದೇ ಸಮ ಮೇಲಕ್ಕೆ ತಳ್ಳುತ್ತಾ ಇರುತ್ತವೆ, ಬೋಲ್ಟ್ ಸಡಿಲವಾದರೆ ಬಾಗಿಲಿನ ಅಂಚು ಹೋಗಿ ಛಾವಣಿಯ ಪೇಂಟ್‌ಗೆ ಬಡಿಯುತ್ತೆ. ಆ ಶಾಕ್‌ಗಳಲ್ಲಿರೋದು ತುಂಬಾ ಒತ್ತಡದ ನೈಟ್ರೋಜನ್, ಅದನ್ನ ಕೊರೆಯೋದು, ಬಿಸಿ ಮಾಡೋದು ಬೇಡವೇ ಬೇಡ. ಎರಡರಲ್ಲಿ ಒಂದು ಮಾತ್ರ ಸತ್ತಿದ್ದರೂ ಬಾಗಿಲು ತಿರುಚುತ್ತೆ, ಆದ್ದರಿಂದ ಜೋಡಿಯಾಗೇ ಬದಲಿಸಿ. ಕೆಲವು ಕಾರಲ್ಲಿ ಹಿಂಜ್ ಬೋಲ್ಟ್ ಸಿಗಬೇಕಾದರೆ ಛಾವಣಿಯ ಒಳಗಿನ ಲೈನಿಂಗ್ ಇಳಿಸಬೇಕು. ನಿಮ್ಮ ಕಾರಿಗೆ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದು ಅಲ್ಲೇ ಇರೋದು, ಕೈ ಹಾಕದೆ ವರ್ಕ್‌ಶಾಪ್‌ಗೆ ಕೊಡಿ.

ಬಾಗಿಲು ಸರಿಯಾದ ಮೇಲೆ ಬೀಡಿಂಗ್ ಪರೀಕ್ಷೆ. ಪೇಪರ್ ಪಟ್ಟಿಯನ್ನ ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿ ಸಂದಿದೆ. ಒಂದೊಂದು ಗೇಣಿಗೆ ಒಂದರಂತೆ ಸುತ್ತಲೂ ಮಾಡಿ. ನಮ್ಮದರಲ್ಲಿ ಎಡಮೂಲೆಯ ರಬ್ಬರ್ ಚಪ್ಪಟೆಯಾಗಿ ಹೋಗಿತ್ತು. ಜೆ.ಸಿ. ರೋಡ್‌ನಲ್ಲಿ ಅದೇ ಮಾಡೆಲ್‌ನ ಬೀಡಿಂಗ್ ತಂದು ಹಾಕಿದ್ವಿ. ಈಗ ಹಾಕೋದಕ್ಕೆ ಅರ್ಥ ಇದೆ ನೋಡಿ. ಕೊನೆಗೆ ಪೈಪ್ ಹಿಡಿದು ಕೆಳಗಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಟ್ಟೆ, ಅಕ್ಕನ ಮಗಳು ಒಳಗೆ ಟಾರ್ಚ್ ಹಿಡಿದು ಕೂತು "ಇಲ್ಲ ಚಿಕ್ಕಮ್ಮ, ಇಲ್ಲೂ ಇಲ್ಲ" ಅಂತ ವರದಿ ಕೊಟ್ಟಳು.

ಸಂದು ಮುಚ್ಚಿತು ಅಂತ ಹೊಗೆಯ ವಿಷಯ ಮುಗಿಯಲ್ಲ. ಸೈಲೆನ್ಸರ್ ಪೈಪಿನ ಜಾಯಿಂಟ್‌ನಲ್ಲಿ ಲೀಕ್ ಇದ್ದರೆ ನೆಲದಡಿಯಿಂದಲೂ ಹೊಗೆ ಬರಬಹುದು. ಲಿಫ್ಟ್ ಮೇಲೆ ಎತ್ತಿಸಿ ನೋಡಿಸಿದ್ವಿ, ಒಂದು ಗ್ಯಾಸ್ಕೆಟ್ ಬದಲಾಯ್ತು. ಎಮಿಷನ್ ಟೆಸ್ಟ್ ಪಾಸ್ ಆಗಿದೆಯಲ್ಲ ಅಂತ ಸುಮ್ಮನಿರಬೇಡಿ, ಅಲ್ಲಿ ಅಳೆಯೋದು ಪೈಪಿನ ತುದಿಯಲ್ಲಿ ಬರೋ ಹೊಗೆಯನ್ನ, ಕಾರಿನ ಒಳಗಿನ ಗಾಳಿಯನ್ನಲ್ಲ. ಇಷ್ಟಾದ ಮೇಲೆ ಎರಡು ಸಲ ತಿಪಟೂರಿಗೆ ಹೋಗಿ ಬಂದಿದ್ದಾರೆ. ಹುಡುಗಿ ಹಿಂದೆಯೇ ಕೂತಿದ್ದಳು, ತಲೆನೋವಿನ ಮಾತಿಲ್ಲ. ನಿಂಬೆಹಣ್ಣು ಚಿತ್ರಾನ್ನಕ್ಕೆ ಹೋಯ್ತು.

ಕಾರು ತಗೊಳ್ಳೋಕೆ ಹೊರಟವರಿಗೆ ಇನ್ನೆರಡು ಮಾತು. ಡಿಕ್ಕಿ ಹಿಂಜ್‌ನ ಬೋಲ್ಟ್ ತಲೆ ನೋಡಿ, ಪೇಂಟ್ ಕಿತ್ತಿದ್ದರೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ. ಹಳೇ ಇನ್ಶೂರೆನ್ಸ್ ಪಾಲಿಸಿಗಳನ್ನ ಕೇಳಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ನೋ ಕ್ಲೇಮ್ ಬೋನಸ್ 20 ಶೇಕಡ, ಆಮೇಲೆ ಏರುತ್ತಾ 50ರವರೆಗೆ ಹೋಗುತ್ತೆ. ನಡುವೆ ಎಲ್ಲಾದರೂ ಅದು ಸೊನ್ನೆಗೆ ಇಳಿದಿದ್ದರೆ "ಯಾಕೆ?" ಅಂತ ಕೇಳೋ ಹಕ್ಕು ನಿಮಗಿದೆ.

ಕೆಲಸ ಮುಗಿದ ಒಂದು ವಾರಕ್ಕೆ ಹುಕ್ ಬೋಲ್ಟ್‌ಗಳನ್ನ ಇನ್ನೊಂದು ಸಲ ಬಿಗಿ ಮಾಡಿ. ಬೋಲ್ಟ್ ಸುತ್ತ ಪೇಂಟ್ ಎದ್ದಿದ್ದರೆ ಮಳೆಗಾಲಕ್ಕೆ ಮುಂಚೆ ಅಲ್ಲಿಗೆ ಸ್ವಲ್ಪ ಪ್ರೈಮರ್, ಅದರ ಮೇಲೆ ಟಚಪ್ ಪೇಂಟ್.