ಒಂದೇ ತಟ್ಟೆಗೆ ಎರಡು ಬಾಯಿ

ರಷ್ಯದ ಜೀವವಿಜ್ಞಾನಿ ಜಾರ್ಜಿ ಗಾಸ್ ತಮ್ಮ ಪ್ರಯೋಗಗಳ ವಿವರವನ್ನು 1934ರಲ್ಲಿ ಪುಸ್ತಕವಾಗಿ ಹೊರತಂದರು. ಎರಡು ಜಾತಿಯ ಪ್ಯಾರಮೀಸಿಯಂಗಳನ್ನು ಒಟ್ಟಿಗೆ ಬಿಟ್ಟು ಒಂದೇ ಆಹಾರ ಕೊಟ್ಟಾಗ ಒಂದು ಜಾತಿ ಉಳಿಯಿತು, ಮತ್ತೊಂದು ಅಳಿಯಿತು. ಪಿ.ಯು.ಸಿ. ಮಕ್ಕಳು ಓದುವ ಈ ಪಾಠವನ್ನು ಕಂಪ್ಯೂಟರ್ ಆಟದ ಕಂಪನಿಗಳು ಕೋಟಿಗಟ್ಟಲೆ ಹಣ ತೆತ್ತು ಕಲಿತವು.

ಅಮೆರಿಕದ ಬ್ಲಿಝರ್ಡ್ ಕಂಪನಿಯ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದದ್ದು 2004ರ ನವೆಂಬರಿನಲ್ಲಿ. ಅಂತರ್ಜಾಲದ ಮೂಲಕ ಸಾವಿರಾರು ಜನ ಏಕಕಾಲಕ್ಕೆ ಒಂದು ಕಲ್ಪಿತ ಲೋಕವನ್ನು ಹೊಕ್ಕು, ತಮಗಿಷ್ಟವಾದ ವೇಷ ತೊಟ್ಟು, ಗುಂಪು ಕಟ್ಟಿಕೊಂಡು ರಾಕ್ಷಸರ ಮೇಲೆ ದಂಡೆತ್ತುವ ಆಟ ಇದು. ಅಮೆರಿಕದಲ್ಲಿ ತಿಂಗಳ ಚಂದಾ ಸುಮಾರು 15 ಡಾಲರ್. 2010ರ ಅಕ್ಟೋಬರಿನಲ್ಲಿ ಜಗತ್ತಿನಾದ್ಯಂತ ಚಂದಾದಾರರ ಸಂಖ್ಯೆ 1 ಕೋಟಿ 20 ಲಕ್ಷಕ್ಕೆ ಮುಟ್ಟಿತು. ಇಷ್ಟು ದುಡ್ಡು ಕಂಡ ಮೇಲೆ ಉಳಿದವರು ಸುಮ್ಮನಿದ್ದಾರೆಯೇ?

2008ರಲ್ಲಿ ‘ವಾರ್‌ಹ್ಯಾಮರ್ ಆನ್‌ಲೈನ್’ ಬಂತು; 2013ರಲ್ಲಿ ಮುಚ್ಚಿತು. 2014ರಲ್ಲಿ ಬಂದ ‘ವೈಲ್ಡ್‌ಸ್ಟಾರ್’ 2018ರಲ್ಲಿ ಕಣ್ಮುಚ್ಚಿತು. 2011ರ ಡಿಸೆಂಬರಿನ ‘ಸ್ಟಾರ್ ವಾರ್ಸ್’ ಆಟ ಬದುಕುಳಿಯಿತಾದರೂ ವರ್ಷ ತುಂಬುವ ಮೊದಲೇ ಚಂದಾ ಇಲ್ಲದೆ ಆಡಲು ಬಿಡಬೇಕಾಯಿತು.

ಇವು ಕೆಟ್ಟ ಆಟಗಳೆಂದಲ್ಲ. ಇಲ್ಲಿನ ಆಹಾರವೆಂದರೆ ಹಣವಲ್ಲ, ಆಟಗಾರನ ಸಂಜೆ. ಕೆಲಸ ಮುಗಿಸಿ ಬಂದವನಿಗೆ ಸಿಗುವ ಎರಡು ಮೂರು ಗಂಟೆಯನ್ನು ಎರಡು ಲೋಕಗಳಿಗೆ ಹಂಚಲಾಗದು. ಹಳೆಯ ಲೋಕದಲ್ಲಿ ವರ್ಷಗಟ್ಟಲೆ ಬೆಳೆಸಿದ ಪಾತ್ರವಿದೆ. ಅದಕ್ಕಿಂತ ಮುಖ್ಯವಾಗಿ ಜೊತೆಗಾರರಿದ್ದಾರೆ. ಒಬ್ಬ ಹೊರಟರೆ ಸಾಲದು, ಇಡೀ ತಂಡವೇ ಹೊರಡಬೇಕು. ಹೊಸ ಆಟವನ್ನು ನಾಲ್ಕು ವಾರ ಆಡಿ, ನೋಡುವುದನ್ನೆಲ್ಲ ನೋಡಿ, ಮತ್ತೆ ಹಳೆಯ ಮನೆಗೆ ಮರಳಿದವರೇ ಬಹಳ. ಹೊಸ ಮನೆಯಲ್ಲೇ ನೆಲೆ ನಿಂತವರ ಪಾಡು ಇನ್ನೂ ಕಷ್ಟ. ಕಂಪನಿ ಯಂತ್ರಗಳನ್ನು ನಿಲ್ಲಿಸಿದ ದಿನ ಅವರ ಪಾತ್ರವೂ ಇಲ್ಲ, ಊರೂ ಇಲ್ಲ. ಪುಸ್ತಕದಂತೆ ಕಪಾಟಿನಲ್ಲಿಟ್ಟುಕೊಳ್ಳುವ ವಸ್ತುವಲ್ಲವಲ್ಲ ಇದು!

ಗಾಸ್ ಅವರ ಇನ್ನೊಂದು ಪ್ರಯೋಗವನ್ನೂ ನೆನೆಯಬೇಕು. ಅದರಲ್ಲಿ ಎರಡು ಜಾತಿಗಳು ಒಟ್ಟಿಗೆ ಬಾಳಿದವು. ಒಂದು ಮೇಲೆ ಮೇದರೆ ಇನ್ನೊಂದು ತಳದಲ್ಲಿ ಮೇಯುತ್ತಿತ್ತು. ಐಸ್‌ಲ್ಯಾಂಡಿನಲ್ಲಿ ತಯಾರಾಗಿ 2003ರಲ್ಲಿ ಬಂದ ‘ಈವ್ ಆನ್‌ಲೈನ್’ ಹಾಗೆ ತಳ ಹಿಡಿದದ್ದು. ಖಡ್ಗ, ರಾಕ್ಷಸರ ಗೊಡವೆಗೆ ಹೋಗದೆ ಬಾಹ್ಯಾಕಾಶ ನೌಕೆ, ವ್ಯಾಪಾರ, ಮೋಸಗಳನ್ನೇ ನಂಬಿತು. ಇಂದಿಗೂ ಇದೆ.

ಜಪಾನಿನ ‘ಫೈನಲ್ ಫ್ಯಾಂಟಸಿ 14’ರ ಕತೆ ಇನ್ನೂ ಸ್ವಾರಸ್ಯ. 2010ರಲ್ಲಿ ಬಂದು ನಗೆಪಾಟಲಾಯಿತು. ಹೊಣೆ ಹೊತ್ತ ನಾವೊಕಿ ಯೋಶಿದಾ, 2012ರಲ್ಲಿ ಆ ಲೋಕಕ್ಕೆ ಆಟದೊಳಗೇ ಪ್ರಳಯ ತಂದು ಮುಚ್ಚಿ, 2013ರ ಆಗಸ್ಟಿನಲ್ಲಿ ಹೊಸದಾಗಿ ತೆರೆದರು. ಹೊಸ ಭಾಗ ಬರುವವರೆಗೆ ಬೇರೆ ಆಟ ಆಡಿಕೊಂಡು ಬನ್ನಿ ಎಂದು ಅವರು ಆಟಗಾರರಿಗೆ ಬಹಿರಂಗವಾಗಿಯೇ ಹೇಳಿದ್ದಾರೆ. ಸಂಜೆಯೆಲ್ಲ ತನಗೇ ಬೇಕೆನ್ನದ ವ್ಯಾಪಾರಿ! 2021ರ ಡಿಸೆಂಬರಿನಲ್ಲಿ ನೂಕುನುಗ್ಗಲು ತಾಳಲಾರದೆ ಈ ಆಟದ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಬ್ಲಿಝರ್ಡ್ 2019ರಲ್ಲಿ ತನ್ನದೇ ಆಟದ ಹಳೆಯ ರೂಪವನ್ನು ಬೇರೆಯಾಗಿ ಮತ್ತೆ ಬಿಡುಗಡೆ ಮಾಡಿತು. ಅದರ ಬಾಗಿಲಲ್ಲೂ ಉದ್ದನೆಯ ಸರದಿ ನಿಂತಿತು.